ಕತ್ತಿಗೆ ಹಿಡಿ ಹಾಕಿಸುವ ಮುನ್ನ

ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟಗಳಲ್ಲಿ ದಿನವಿಡೀ ಕೈಯಲ್ಲಿರುವ ಸಲಕರಣೆಯೆಂದರೆ ಕತ್ತಿ. ಅದನ್ನು ಕೊಳ್ಳುವಾಗ ಅಲಗನ್ನು ತಿರುಗಿಸಿ ತಿರುಗಿಸಿ ನೋಡುವ ನಾವು ಹಿಡಿಯ ಬಗ್ಗೆ ಯೋಚಿಸುವುದು ಕಡಿಮೆ. ಆದರೆ ಅಂಗೈಯ ಬೊಬ್ಬೆ, ಮಣಿಕಟ್ಟಿನ ನೋವು, ಮಳೆಯಲ್ಲಿ ಕೈಜಾರಿ ಆಗುವ ಗಾಯ ಇವುಗಳಿಗೆ ಬಹುಮಟ್ಟಿಗೆ ಹಿಡಿಯೇ ಕಾರಣ.

ಕತ್ತಿ ಯಾರ ಕೈಗೆ ಎಂಬುದನ್ನು ಮೊದಲು ತೀರ್ಮಾನಿಸಿರಿ. ಅಂಗಡಿಗೆ ಹೋಗುವವರು ಮನೆಯ ಯಜಮಾನರು, ತೋಟಕ್ಕೆ ಸೊಪ್ಪು ಕಡಿದು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ ಅದನ್ನು ಬೀಸುವವರು ಹೆಂಗಸರು. ಹೀಗಾಗಿ ಕೊಂಡವರ ಕೈಯ ಅಳತೆ ಬಳಸುವವರಿಗೆ ಶಿಕ್ಷೆಯಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿ ಭಾರತೀಯ ಗಂಡಸರ ಮತ್ತು ಹೆಂಗಸರ ದೇಹದ ಅಳತೆಗಳನ್ನು ಪ್ರಕಟಿಸಿದ್ದರ ಹಿಂದೆಯೂ ಇದೇ ಕಾಳಜಿಯಿದೆ. ಒಂದೇ ಕತ್ತಿಯನ್ನು ಹಲವರು ಬಳಸುವುದಾದರೆ ಚಿಕ್ಕ ಕೈಯ ಅಳತೆಯನ್ನೇ ಹಿಡಿಯಿರಿ, ಏಕೆಂದರೆ ದೊಡ್ಡ ಕೈ ತುಸು ಸಪೂರ ಹಿಡಿಯನ್ನು ನಿಭಾಯಿಸಬಲ್ಲುದು, ಚಿಕ್ಕ ಕೈ ದಪ್ಪ ಹಿಡಿಯನ್ನು ಸುತ್ತಲಾರದು.

ಬಲವಾಗಿ ಹಿಡಿಯುವ ಉಪಕರಣಕ್ಕೆ ಸುಮಾರು 30ರಿಂದ 50 ಮಿಲಿಮೀಟರ್ ವ್ಯಾಸ ಸೂಕ್ತವೆನ್ನುತ್ತಾರೆ. ಅಂದರೆ ಹಿಡಿಯ ಸುತ್ತ ದಾರ ಸುತ್ತಿದರೆ ಅದು 10ರಿಂದ 15 ಸೆಂಟಿಮೀಟರ್ ಆಗಬೇಕು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ತೋರುಬೆರಳಿನ ತುದಿಯ ಮೇಲೆ ಸ್ವಲ್ಪ ಏರಿ ಕೂರಬೇಕು.

ನಿಖರವಾದ ದಪ್ಪವನ್ನು ಲೆಕ್ಕಕ್ಕಿಂತ ಪ್ರಯೋಗವೇ ಚೆನ್ನಾಗಿ ಹೇಳುತ್ತದೆ. ಹಳೆಯ ಕತ್ತಿಯ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಒಂದೊಂದೇ ಸುತ್ತು ಹೆಚ್ಚಿಸುತ್ತ, ಬಳಸುವವರಿಂದಲೇ ಪ್ರತಿ ಸಲವೂ ಒಂದು ಗಂಟೆ ಕೆಲಸ ಮಾಡಿಸಿ, ಅನಂತರ ಅವರ ಅಂಗೈಯನ್ನು ನೋಡಿರಿ. ಕೆಂಪು ಗುರುತು ಒಂದೇ ಕಡೆ ಬಿದ್ದಿದ್ದರೆ ಅಲ್ಲಿ ಅಂಚು ಒತ್ತುತ್ತಿದೆ. ಅಂಗೈಯ ನಡುವೆ ಬಿದ್ದಿದ್ದರೆ ಹಿಡಿ ಗಿಡ್ಡವಾಗಿ ಅದರ ತುದಿ ಚುಚ್ಚುತ್ತಿದೆ. ವಿನ್ಯಾಸಕಾರರು ಮಾದರಿ ಮಾಡಿ ಪರೀಕ್ಷಿಸುವ ಕ್ರಮ ಇದೇ.

ಒಪ್ಪಿದ ಅಳತೆಯ ದಾರವನ್ನು ಕುಲುಮೆಯ ಆಚಾರರಿಗೆ ಕೊಟ್ಟು, ಹಿಡಿ ದುಂಡಗಿರದೆ ಮೊಟ್ಟೆಯಾಕಾರದಲ್ಲಿರಲಿ ಎಂದು ಕೇಳಿರಿ. ಆಗ ಅದು ಮುಷ್ಟಿಯೊಳಗೆ ತಿರುಗುವುದಿಲ್ಲ, ಅಲಗು ಯಾವ ಕಡೆಗಿದೆಯೆಂದು ನೋಡದೆಯೇ ಕೈಗೆ ತಿಳಿಯುತ್ತದೆ. ಹಿಂದಿನ ತುದಿ ತುಸು ಉಬ್ಬಿರಲಿ. ವಾರ್ನಿಷ್ ಬೇಡ, ಒದ್ದೆಯಾದಾಗ ಜಾರುತ್ತದೆ. ಬೆರಳುಗಳಿಗೆಂದು ಕೊರೆದ ತೋಡುಗಳೂ ಬೇಡ. ಅವು ಒಬ್ಬರ ಬೆರಳಿಗೆ ಮಾತ್ರ ಹೊಂದುತ್ತವೆ.

ಹಿಡಿಯನ್ನು ಶಾಶ್ವತವಾಗಿ ಕೂರಿಸುವ ಮೊದಲು ಬಳಸುವವರೇ ಕುಲುಮೆಯಲ್ಲಿ ನಿಂತು ಸೊಪ್ಪು ಕಡಿಯುವಂತೆ ಬೀಸಿ ನೋಡಲಿ. ಪೆಟ್ಟು ಬೀಳುವ ಕ್ಷಣದಲ್ಲಿ ಮಣಿಕಟ್ಟು ಬಾಗುತ್ತಿದ್ದರೆ ಹಿಡಿಯ ಕೋನವನ್ನು ಅಲ್ಲಿಯೇ ಬದಲಾಯಿಸಿಕೊಳ್ಳಿರಿ.