ಲಿಗೆಟಿಯ ಪಿಯಾನೋ ಕಾನ್ಚೆರ್ಟೊವನ್ನು ಮೊದಲ ಸಲ ಕೇಳುವವರಿಗೆ

ಹಂಗೇರಿ ಮೂಲದ ಸಂಗೀತ ರಚನಕಾರ ಜ್ಯೋರ್ಜ್ ಲಿಗೆಟಿಯ ಪಿಯಾನೋ ಕಾನ್ಚೆರ್ಟೊ, ಅಂದರೆ ಪಿಯಾನೋ ಮತ್ತು ವಾದ್ಯವೃಂದ ಜೊತೆಗೂಡಿ ನುಡಿಸುವ ಕೃತಿ, ಬೇರೆ ಕೆಲಸದ ನಡುವೆ ಕೇಳುವಂಥದ್ದಲ್ಲ. ಮೊದಲ ಸಲ ನಾನು ಹಾಗೆಯೇ ಕೇಳಲು ಹೋಗಿ, ಇದೇನು ಗಲಾಟೆ ಎಂದು ಮೂರೇ ನಿಮಿಷಕ್ಕೆ ನಿಲ್ಲಿಸಿಬಿಟ್ಟಿದ್ದೆ. ಐದು ಭಾಗಗಳ ಈ ಕೃತಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಗುನುಗಬಹುದಾದ ಧಾಟಿಯನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆ ಖಂಡಿತ, ಏಕೆಂದರೆ ಇದರ ಸೊಗಸಿನ ಬಹುಪಾಲು ಲಯದಲ್ಲಿದೆ.

ಆದ್ದರಿಂದ ಕೇಳುವ ಮುನ್ನ ಮೇಜಿನ ಮುಂದೆ ಕುಳಿತು ಒಂದು ಅಭ್ಯಾಸ ಮಾಡಿ. ಪಾದದಿಂದ ನಿಧಾನವಾಗಿ ನಾಲ್ಕು ಎಣಿಸುತ್ತಾ, ಪ್ರತಿ ಎಣಿಕೆಗೆ ಎಡಗೈಯಿಂದ ಎರಡು, ಬಲಗೈಯಿಂದ ಮೂರು ಸಲ ಸಮನಾಗಿ ತಟ್ಟಿ. ಎಡಗೈಯ ಎರಡನೆಯ ತಟ್ಟು ಬಲಗೈಯ ಎರಡನೆಯ ಮತ್ತು ಮೂರನೆಯ ತಟ್ಟುಗಳ ಸರಿಮಧ್ಯದಲ್ಲಿ ಬೀಳಬೇಕು. ನಾಲ್ಕು ಎಣಿಕೆ ಮುಗಿಯುವಷ್ಟರಲ್ಲಿ ಎಡಗೈ 8 ಸಲ, ಬಲಗೈ 12 ಸಲ ತಟ್ಟಿರುತ್ತದೆ. ಲಿಗೆಟಿ ಮೊದಲ ಭಾಗವನ್ನು 4/4 (ಎಣಿಕೆಗೆ ಎರಡು ತಟ್ಟು) ಮತ್ತು 12/8 (ಎಣಿಕೆಗೆ ಮೂರು ತಟ್ಟು) ಎಂಬ ಎರಡು ತಾಳದ ಅಳತೆಗಳಲ್ಲಿ ಏಕಕಾಲಕ್ಕೆ ಬರೆದಿರುವುದು ಹೀಗೆ. ಇನ್ನು ಎಡಗೈಯ ಪ್ರತಿ ಮೂರನೆಯ ತಟ್ಟಿಗೆ ಒತ್ತು ಕೊಟ್ಟು ನೋಡಿ: ಒತ್ತುಗಳು ಪಾದದ ಎಣಿಕೆಯಿಂದ ಜಾರತೊಡಗುತ್ತವೆ. ಆ ಜಾರುವಿಕೆಯೇ ಇಲ್ಲಿನ ನಿಜವಾದ ಕಥೆ.

ಇದು ಕೈಗೆ ಹತ್ತದಿದ್ದರೆ ಅದೇ ಕಾಲದ, 1985ರ 'ದೆಸೋರ್ದ್ರ್' ಎಂಬ, ಲಿಗೆಟಿಯದೇ ಪುಟ್ಟ ಎತ್ಯೂಡನ್ನು (ಪಿಯಾನೋ ಅಭ್ಯಾಸಕೃತಿಯನ್ನು) ಮೊದಲು ಕೇಳಿ. ಬಲಗೈ ಬಿಳಿ ಕೀಗಳ ಮೇಲೆ, ಎಡಗೈ ಕಪ್ಪು ಕೀಗಳ ಮೇಲೆ ಜೊತೆಯಾಗಿ ಹೊರಟು, ಬಲಗೈ ಆಗೊಮ್ಮೆ ಈಗೊಮ್ಮೆ ಲಯದ ಒಂದು ಮಾತ್ರೆಯನ್ನು ಬಿಟ್ಟು ಮುಂದೋಡುವುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಎರಡನೆಯ ಭಾಗಕ್ಕೆ ಬಂದಾಗ ಎಣಿಕೆ ಬಿಟ್ಟುಬಿಡಿ. ಇದು ಕೃತಿಯ ಏಕೈಕ ನಿಧಾನ ಭಾಗ. ಕೀರಲು ದನಿಯ ಪುಟ್ಟ ಕೊಳಲು ಪಿಕ್ಕೊಲೊ ಇಲ್ಲಿ ತನ್ನ ಅತ್ಯಂತ ಕೆಳಗಿನ ಸ್ವರಗಳಲ್ಲಿಯೂ, ಗಡಸು ದನಿಯ ಬಸೂನ್ ಎಂಬ ಉದ್ದನೆಯ ಊದುವ ವಾದ್ಯ ತನ್ನ ತುತ್ತತುದಿಯಲ್ಲಿಯೂ ನುಡಿಯುತ್ತವೆ. ಕ್ಲಾರಿನೆಟ್ ವಾದಕರು ಒಕರೀನಾ ಎಂಬ ಪುಟ್ಟ ಊದುವ ವಾದ್ಯವನ್ನು ಎತ್ತಿಕೊಳ್ಳುತ್ತಾರೆ. ಯಾವ ವಾದ್ಯ ಯಾವುದೆಂದು ಗುರುತಿಸಲಾಗದಿದ್ದರೆ ದೋಷ ನಿಮ್ಮ ಕಿವಿಯದಲ್ಲ.

ಮೂರನೆಯ ಭಾಗವನ್ನು ಒಂದೇ ಓಟದಲ್ಲಿ ಕೇಳಿದರೆ ಸಾಕು. 1986ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಈ ಮೂರು ಭಾಗಗಳಷ್ಟೇ ಮೊದಲು ನುಡಿದವು. ಕೃತಿ ಪೂರ್ತಿಯಾಗಿಲ್ಲವೆನಿಸಿ ಲಿಗೆಟಿ ಇನ್ನೆರಡನ್ನು ಸೇರಿಸಿದ ಮೇಲೆ, 1988ರ ಫೆಬ್ರವರಿ 29ರಂದು ವಿಯೆನ್ನಾದಲ್ಲಿ ಇಡೀ ಕೃತಿ ಕೇಳಿಸಿತು.

ಹಾಗೆ ಸೇರಿದ ನಾಲ್ಕನೆಯ ಭಾಗ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಆರಂಭದಲ್ಲಿ ಚೂರುಪಾರು ತುಣುಕುಗಳು, ನಡುವೆ ಮೌನ. ಒಂದೇ ಆಕೃತಿ ಚಿಕ್ಕದಾಗುತ್ತಾ ಮರುಕಳಿಸುವ ಫ್ರಾಕ್ಟಲ್ ಗಣಿತದ ಚಿತ್ರಗಳಿಂದ ಪ್ರೇರಿತವಾದ ಈ ಭಾಗದಲ್ಲಿ ಅವೇ ತುಣುಕುಗಳು ಮರಳಿ ಮರಳಿ ಬಂದು ಒಂದರ ಮೇಲೊಂದು ಕವಿಯುತ್ತವೆ. ನೀವು ಮಾಡಬೇಕಾದದ್ದು ಇಷ್ಟೇ: ಪ್ರತಿ ಮೌನಕ್ಕೂ ಮೇಜಿನ ಮೇಲೆ ಒಂದು ಬೆರಳು ಊರಿ. ಬೆರಳು ಊರಲು ಎಡೆಯೇ ಸಿಗದಂತಾದಾಗ ಕೈ ತೆಗೆದು, ಐದನೆಯ ಭಾಗವನ್ನು ಸುಮ್ಮನೆ ಹರಿಯಲು ಬಿಡಿ.