ಸಿ ಡ್ರೈವ್ ತುಂಬಿದೆಯಾ? ಪ್ರೋಗ್ರಾಂಗಳನ್ನು ಎರಡನೇ ಡಿಸ್ಕಿಗೆ ಸಾಗಿಸುವುದು ಹೀಗೆ

ಶಿರಸಿಯ ಅಡಿಕೆ ಮಂಡಿಯ ಲೆಕ್ಕದ ಕಂಪ್ಯೂಟರ್ ಇರಲಿ, ಹೊನ್ನಾವರದಲ್ಲಿ ಯಕ್ಷಗಾನದ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ ಇರಲಿ, ಕಷ್ಟ ಒಂದೇ. ವಿಂಡೋಸ್ ಇರುವ ಎಸ್‌ಎಸ್‌ಡಿ (ವೇಗದ ಡಿಸ್ಕ್), ಅಂದರೆ ಸಿ ಡ್ರೈವ್, ಚಿಕ್ಕದು, 240 ಜಿಬಿ ಆಸುಪಾಸು. ಪಕ್ಕದಲ್ಲಿ 1 ಟಿಬಿಯ ಹಾರ್ಡ್ ಡಿಸ್ಕ್, ಅಂದರೆ ಡಿ ಡ್ರೈವ್, ಅರ್ಧ ಖಾಲಿ. ಸಿ ಡ್ರೈವ್ ಮಾತ್ರ ಕೆಂಪು ಪಟ್ಟಿ ತೋರಿಸುತ್ತಿರುತ್ತದೆ.

ಪ್ರೋಗ್ರಾಂ ಫೋಲ್ಡರನ್ನು ಕಟ್ ಮಾಡಿ ಡಿ ಡ್ರೈವ್‌ನಲ್ಲಿ ಪೇಸ್ಟ್ ಮಾಡಿದರೆ ಆಯ್ತಲ್ವಾ ಅನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಇನ್‌ಸ್ಟಾಲ್ ಆಗುವಾಗಲೇ ಪ್ರೋಗ್ರಾಂ ತಾನು ಎಲ್ಲಿದ್ದೇನೆ ಎಂದು ವಿಂಡೋಸ್‌ನ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಅದರ ಕೆಲವು ಫೈಲುಗಳು ಪ್ರೋಗ್ರಾಂ ಡೇಟಾ, ಆ್ಯಪ್ ಡೇಟಾ ಫೋಲ್ಡರುಗಳಲ್ಲಿ ಹಂಚಿಹೋಗಿರುತ್ತವೆ. ಜಾಗ ತಪ್ಪಿದರೆ ಶಾರ್ಟ್‌ಕಟ್ ತೆರೆಯುವುದಿಲ್ಲ, ಅಪ್‌ಡೇಟ್ ಕೈಕೊಡುತ್ತದೆ, ಕೊನೆಗೆ ಅನ್‌ಇನ್‌ಸ್ಟಾಲ್ ಮಾಡುವುದಕ್ಕೂ ಬರುವುದಿಲ್ಲ.

ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋಗಿ ಜಾಗ ತಿನ್ನುತ್ತಿರುವುದು ಯಾವುದು ಅಂತ ನೋಡಿ. ಸ್ಟುಡಿಯೊದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಎಷ್ಟೋ ಸಲ ಪ್ರೋಗ್ರಾಂಗಿಂತ ಅದರ ಕ್ಯಾಶೆಯೇ (ಬೇಗ ಕೆಲಸ ಮಾಡಲು ಅದು ಕೂಡಿಡುವ ತಾತ್ಕಾಲಿಕ ಫೈಲುಗಳು) ಜಾಸ್ತಿ ಇರುತ್ತದೆ. ವಿಡಿಯೊ ಎಡಿಟ್ ಮಾಡುವ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶೆ, ಫೋಟೊಶಾಪ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ (ತಾತ್ಕಾಲಿಕ ಫೈಲುಗಳ ಜಾಗ) ಎಂಬ ಆಯ್ಕೆ ಇದೆ. ಎರಡಕ್ಕೂ ಡಿ ಡ್ರೈವ್ ತೋರಿಸಿ, ಹಳೆಯ ಕ್ಯಾಶೆ ಅಳಿಸಿ. ಹಾರ್ಡ್ ಡಿಸ್ಕ್ ಆದರೆ ಕೆಲಸ ಸ್ವಲ್ಪ ನಿಧಾನ ಆಗುತ್ತದೆ, ಜಾಗವಂತೂ ಸಿಗುತ್ತದೆ. ಟ್ಯಾಲಿ, ನುಡಿ, ಬರಹ ಇವೆಲ್ಲ ಚಿಕ್ಕ ಪ್ರೋಗ್ರಾಂಗಳು. ಸುಮ್ನೆ ಮುಟ್ಟಬೇಡಿ, ಇದ್ದಲ್ಲೇ ಇರಲಿ.

ಆಮೇಲೆ ಎರಡನೇ ಡಿಸ್ಕಿನ ಆರೋಗ್ಯ ನೋಡಿ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲಿನ ಹೊಳೆಯುವ ಪಿನ್ನುಗಳನ್ನು ಮಂಕು ಮಾಡುತ್ತವೆ. ಡ್ರೈವ್ ಆಗಾಗ ಕಾಣೆಯಾಗಿ ಮತ್ತೆ ಬರುತ್ತಿದ್ದರೆ ಕೇಬಲ್ ಬದಲಿಸಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಳದಿ ಅಥವಾ ಕೆಂಪು ತೋರಿಸಿದರೆ ಆ ಡಿಸ್ಕನ್ನು ನಂಬಬೇಡಿ. ಡಿಸ್ಕ್ ಎನ್‌ಟಿಎಫ್‌ಎಸ್ (NTFS) ಎಂಬ ವಿಂಡೋಸ್ ಫಾರ್ಮ್ಯಾಟಿನಲ್ಲಿ ಇರಬೇಕು. ಯುಎಸ್‌ಬಿಯಲ್ಲಿ ಸಿಕ್ಕಿಸುವ ಡಿಸ್ಕ್ ಈ ಕೆಲಸಕ್ಕೆ ಬೇಡ. ಕೇಬಲ್ ಕಳಚಿದರೆ ಪ್ರೋಗ್ರಾಂ ನಿಂತಿತು.

ಈಗ ಸಾಗಿಸುವ ಕೆಲಸ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದ ಆ್ಯಪ್‌ಗಳದ್ದು ಬಹಳ ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆಯಿರಿ. ಆ್ಯಪ್ ಪಕ್ಕದ ಮೂರು ಚುಕ್ಕಿ ಒತ್ತಿ, ಮೂವ್ ಆರಿಸಿ, ಡಿ ಡ್ರೈವ್ ತೋರಿಸಿ. ವಿಂಡೋಸ್ 10ರಲ್ಲಿ ಆ್ಯಪ್ ಹೆಸರಿನ ಮೇಲೆ ಒತ್ತಿದರೆ ಮೂವ್ ಕಾಣುತ್ತದೆ. ಸ್ಟೀಮ್ ಗೇಮ್‌ಗಳಿಗೆ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲೇ ಸ್ಟೋರೇಜ್ ಭಾಗವಿದೆ, ಅಲ್ಲಿಂದಲೇ ಸಾಗಿಸಿ.

ಉಳಿದ ದೊಡ್ಡ ಪ್ರೋಗ್ರಾಂಗಳಿಗೆ ಮೂವ್ ಬರುವುದಿಲ್ಲ. ಇವನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದೇ ನನ್ನ ಪ್ರಕಾರ ಸರಿಯಾದ ದಾರಿ. ಲೈಸೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ, ಪ್ರೀಸೆಟ್‌ಗಳನ್ನು (ನೀವು ಉಳಿಸಿಟ್ಟ ಸೆಟ್ಟಿಂಗುಗಳು) ಬೇರೆ ಕಡೆ ಕಾಪಿ ಮಾಡಿ, ಖಾತೆಯಿಂದ ಸೈನ್ ಔಟ್ ಆಗಿ, ಆಮೇಲೆ ತೆಗೆಯಿರಿ. ಮತ್ತೆ ಹಾಕುವಾಗ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋಗಬೇಡಿ. ಕಸ್ಟಮ್ ಅಥವಾ ಬ್ರೌಸ್ ಎಂದಿರುವಲ್ಲಿ ನಿಲ್ಲಿ, ಡಿ ಡ್ರೈವ್‌ನಲ್ಲಿ ಮಾಡಿಟ್ಟ ಫೋಲ್ಡರ್ ತೋರಿಸಿ.

ಸೆಟಪ್ ಫೈಲೇ ಕಳೆದುಹೋಗಿದ್ದರೆ ಕೊನೆಯ ಉಪಾಯ ಜಂಕ್ಷನ್, ಅಂದರೆ ಹಳೆಯ ಜಾಗದಿಂದ ಹೊಸ ಜಾಗಕ್ಕೆ ದಾರಿ ತೋರಿಸುವ ಕೊಂಡಿ. ಪ್ರೋಗ್ರಾಂ ಪೂರ್ತಿ ಮುಚ್ಚಿ. ಅದರ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ, ಕಟ್ ಅಲ್ಲ. ಸಿ ಡ್ರೈವ್‌ನಲ್ಲಿರುವ ಹಳೆಯದಕ್ಕೆ ಹೆಸರಿನ ಮುಂದೆ ‘ಓಲ್ಡ್’ ಸೇರಿಸಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಂಕೆಲಿಂಕ್’ (mklink) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಸ್ಲ್ಯಾಶ್ ಮತ್ತು ಜೆ ಅಕ್ಷರ (/J), ಆಮೇಲೆ ಸಿ ಡ್ರೈವ್‌ನ ಮೂಲ ವಿಳಾಸ (‘ಓಲ್ಡ್’ ಇಲ್ಲದ್ದು), ನಂತರ ಡಿ ಡ್ರೈವ್‌ನ ಹೊಸ ವಿಳಾಸ. ಎರಡೂ ವಿಳಾಸಗಳನ್ನು ಬೇರೆಬೇರೆಯಾಗಿ ಜೋಡಿ ಉದ್ಧರಣ ಚಿಹ್ನೆಯೊಳಗೆ (" ") ಹಾಕಿ. ಎಂಟರ್ ಒತ್ತಿದರೆ ‘ಜಂಕ್ಷನ್ ಕ್ರಿಯೇಟೆಡ್’ ಎಂಬ ಸಾಲು ಬರುತ್ತದೆ. ಹಳೆಯ ಜಾಗದಲ್ಲಿ ಬಾಣದ ಗುರುತಿರುವ ಫೋಲ್ಡರ್ ಕಾಣಿಸುತ್ತದೆ. ಪ್ರೋಗ್ರಾಂ ಮೊದಲಿನ ವಿಳಾಸಕ್ಕೇ ಹೋದರೂ ವಿಂಡೋಸ್ ಅದನ್ನು ಡಿ ಡ್ರೈವ್‌ಗೆ ಕಳಿಸುತ್ತದೆ. ಇದನ್ನು ಒಂದೊಂದು ಪ್ರೋಗ್ರಾಂಗೆ ಮಾತ್ರ ಮಾಡಿ. ಇಡೀ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗಾಗಲಿ, ವಿಂಡೋಸ್ ಫೋಲ್ಡರಿಗಾಗಲಿ ಬೇಡವೇ ಬೇಡ.

ಘಟ್ಟದ ಮೇಲೂ ಕರಾವಳಿಯಲ್ಲೂ ಜೂನ್‌ನಿಂದ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ. ‘ಓಲ್ಡ್’ ಫೋಲ್ಡರನ್ನು ಅದೇ ದಿನ ಅಳಿಸಬೇಡಿ. ಪ್ರೋಗ್ರಾಂ ತೆರೆದು, ಒಂದು ಫೈಲ್ ಸೇವ್ ಮಾಡಿ, ಪ್ರಿಂಟ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ನೋಡಿ. ಕೆಲವು ದಿನ ಎಲ್ಲ ಸರಿಯಾಗಿ ನಡೆದ ಮೇಲೆ ಅಳಿಸಿ. ಸಿ ಡ್ರೈವ್‌ನಲ್ಲಿ ಜಾಗ ಆಗುವುದು ಆಗಲೇ.