ಎರೆ ನೆಲದಲ್ಲಿ ಗಟಾರ ನೀರು ತಿಳಿ ಮಾಡಿದ್ದು

ಎರೆ (ಕಪ್ಪು ಮಣ್ಣಿನ) ಭೂಮಿಯಲ್ಲಿ ಕಡಿ ಹಾಸಿಗೆ, ಅಂದರೆ ಜಲ್ಲಿ ತುಂಬಿ ಗಿಡ ನೆಟ್ಟು ಗಟಾರ ನೀರು ಹಾಯಿಸಿ ತಿಳಿ ಮಾಡುವ ಹೊಂಡ, ನಿಲ್ಲುವುದಿಲ್ಲ, ಬೇಸಿಗೆಗೆ ನೆಲ ಬಿರಿದು ನೀರೆಲ್ಲ ಕೆಳಗಿಳಿಯುತ್ತದೆ ಎಂದವರೇ ಹೆಚ್ಚು. ಅವರ ಮಾತು ಅರ್ಧ ನಿಜ. ಮೊದಲ ಸಲ ಹಾಗೇ ಆಯಿತು.

ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಸುಮಾರು 1,200 ಜನರ ಊರು. ತಲೆಗೆ 55 ಲೀಟರ್ ನಳದ ನೀರು, ಅದರಲ್ಲಿ ನೂರಕ್ಕೆ 80 ಪಾಲು ಗಟಾರಕ್ಕೆ. ದಿನಕ್ಕೆ 50 ಸಾವಿರ ಲೀಟರಿನ ಮೇಲೆಯೇ. ಒಂದು ದಿನದ ನೀರು ಹಿಡಿಯುವ ಮೂರು ಕೋಣೆಯ ತೊಟ್ಟಿ, ಅದರಾಚೆ 37 ಮೀಟರ್ ಉದ್ದ, 12 ಮೀಟರ್ ಅಗಲ, 60 ಸೆಂ.ಮೀ. ಆಳದ ಕಡಿ ಹಾಸಿಗೆ. ನೆಲವೆಂದರೆ ನಾಲ್ಕು ಗುಂಟೆ ಮೀರಿತು, ಅಷ್ಟೇ.

ನೀರು ಇಂಗದಿರಲೆಂದು ಬರೀ ಎರೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದು ಮೊದಲ ತಪ್ಪು. ನೆಲ ಉಬ್ಬಿ-ಕುಗ್ಗಿ ಬೆಸುಗೆ ಕಿತ್ತಿತು. ಎರಡನೇ ಸಲ ಎರೆ ಒಂದು ಅಡಿ ತೆಗೆದು ಉಬ್ಬದ ಗರಸು ಮಣ್ಣು ತುಂಬಿ ರೋಲರ್ ಹೊಡೆಸಿದೆ. ಎರೆಯಲ್ಲಿ ಕಾಲುವೆ ಕಟ್ಟುವವರು ಮಾಡುವುದೂ ಇದನ್ನೇ. ಮೇಲೆ ಎರಡು ಇಂಚು ಉಸುಕು, ಆಮೇಲೆ ಕೃಷಿ ಹೊಂಡದ 500 ಮೈಕ್ರಾನ್ ಹಾಳೆ. ಇನ್ನು ಪೈಪು ಹಾಳೆ ತೂರಿ ಹೊರಬರುವ ಜಾಗ ಸೋರಿಯೇ ಸೋರುತ್ತದೆ. ಅಲ್ಲಿ ಏನಿಟ್ಟು ಬಿಗಿದೆ ಎಂಬುದನ್ನು ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಕಡಿ ಸುಮಾರು 90 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ), ಎರಡೂಮುಕ್ಕಾಲು ಲಕ್ಷ. ತೊಳೆಯದೆ ಸುರಿಸಿದ್ದು ಎರಡನೇ ತಪ್ಪು. ಕ್ರಷರ್ ಪುಡಿ ನೀರು ಒಳಬರುವ ಬಾಯಿಗೆ ಅಂಟಿ ನಾಲ್ಕೇ ತಿಂಗಳಲ್ಲಿ ನೀರು ಮೇಲೆ ನಿಂತಿತು, ಸೊಳ್ಳೆ ಬಂತು, ಊರು ಬೈಯಿತು. ಆ ಬಾಯಿಯ ಕಡೆಯ ಎರಡು ಮೀಟರ್ ಕಿತ್ತು, ತೊಳೆದ 40-60 ಎಂಎಂ ಕಡಿ ತುಂಬಿದೆ. ಅದರಾಚೆಯ ಉಳಿದ ಭಾಗವೆಲ್ಲ 20 ಎಂಎಂ. ಇದಕ್ಕೇ ಅರವತ್ತು ಸಾವಿರ ಹೋಯಿತು. ನೀರು ಹಂಚಲು ತೂತು ಕೊರೆದ ಪೈಪು ಬೇಡ, ಗುಟ್ಕಾ ಚೀಟಿಗೇ ಕಟ್ಟಿಕೊಳ್ಳುತ್ತದೆ. 6 ಇಂಚಿನ ಪೈಪಿಗೆ ಮೀಟರಿಗೊಂದು ಬಾಯಿ ತೆರೆದ ಟೀ (T ಆಕಾರದ ಜೋಡಣೆ) ಸಾಕು. ಮಿರ್ಚಿ ಅಂಗಡಿಗಳ ಎಣ್ಣೆ ತಡೆಯಲು ತೊಟ್ಟಿಯ ಹೊರಬಾಯಿಗೂ ಕೆಳಮುಖದ ಟೀ ಬೇಕೇ ಬೇಕು.

ಕಾಬಾಳೆ (ಕ್ಯಾನಾ ಹೂವಿನ ಗಿಡ) ಗಡ್ಡೆ ನೆಟ್ಟು ಮೂರು ವಾರ ನೀರನ್ನು ಕಡಿಯ ಮಟ್ಟಕ್ಕೇ ಇಟ್ಟೆ. ಆಮೇಲೆ ಹೊರಪೈಪಿನ ತಿರುಗುವ ಎಲ್ಬೋ (ಮೊಣಕೈಯಂಥ ಬಾಗು) ಬಗ್ಗಿಸಿ ವಾರಕ್ಕೊಂದು ಇಂಚು ಇಳಿಸುತ್ತ ಬಂದೆ. ಬೇರು ನೀರಿನ ಹಿಂದೆಯೇ ಇಳಿಯಿತು. ಈಗ ನೀರು ಕಡಿಗಿಂತ ನಾಲ್ಕು ಇಂಚು ಕೆಳಗೇ ಇದೆ, ಸೊಳ್ಳೆ ಮೊಟ್ಟೆ ಇಡಲು ಜಾಗವಿಲ್ಲ. ಆಪು (ಜೊಂಡು ಹುಲ್ಲು) ಕೂಡ ಹಾಕಿ ನೋಡಿದೆ. ಅದು ಕಾಬಾಳೆಯನ್ನೇ ತುಳಿದು ಹಬ್ಬಿತು, ಕಿತ್ತೆಸೆದೆ.

ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಪುಕ್ಕಟೆ ಸಿಗುತ್ತದಲ್ಲ ಎಂದು ಎರಡು ಡ್ರಮ್ಮಿಗೆ ಒಂದೊಂದು ಅಡಿ ತುಂಬಿ, ಸೋಸಲು ನೀರು ಬಿಟ್ಟೆ. ಮೊದಲ ವಾರ ಕನ್ನಡಿಯಂಥ ನೀರು, ಮೂರನೇ ವಾರ ಹನಿಯೂ ಇಲ್ಲ. ಅರೆಬೆಂದ ಕಪ್ಪು ಹೊಟ್ಟು ಇನ್ನೂ ಹರಿಯುತ್ತಿದೆ, ನೋಡೋಣ.

ಬಿಓಡಿ (ನೀರಿನಲ್ಲಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕ, ಕೊಳೆಯ ಅಳತೆ) ಹಾಸಿಗೆಗೆ ಬರುವ ನೀರಿನಲ್ಲಿ ಲೀಟರಿಗೆ ನೂರೈವತ್ತು ಮಿಲಿಗ್ರಾಂ ಸುಮಾರು, ಹೊರಬರುವ ನೀರಿನಲ್ಲಿ ಮೂವತ್ತರೊಳಗೆ. ಬೇಸಿಗೆಯ ಮಾದರಿಯನ್ನು ಐಸಿಲ್ಲದೆ ಒಯ್ಯಬೇಡಿ. ಬಾಟಲಿಯಲ್ಲೇ ಕೊಳೆ ಕರಗಿ, ನೀರು ಇದ್ದುದಕ್ಕಿಂತ ಚೆನ್ನಾಗಿದೆ ಎಂದು ವರದಿ ಬರುತ್ತದೆ. ಒಟ್ಟು ಖರ್ಚು ಎಂಟು ಲಕ್ಷದ ಆಚೆ-ಈಚೆ, ಕರೆಂಟು ಬಿಲ್ಲು ಸೊನ್ನೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾದ ಮೇಲೆ, ನಿಲ್ಲದು ಎಂದವರೇ ಈ ನೀರಿಗೆ ಪಾಳಿ ಕೇಳಿದರು. ಮೇವಿನ ಜೋಳಕ್ಕೆ ಬಿಟ್ಟೆ, ಸೊಪ್ಪಿಗೆ ಬಿಡಲಿಲ್ಲ. ರೋಗಾಣು ಪೂರ್ತಿ ಸಾಯಿಸುವುದು ಕಡಿಯಿಂದ ಆಗುವ ಕೆಲಸವಲ್ಲ.